ಅಮ್ಮನ ಪಾಲು

ಕನ್ನಡ ಕಲಿಸುವ ಟೀಚರಮ್ಮನ ತಾಯಿಗೇ ಕನ್ನಡ ನೆಟ್ಟಗೆ ಬರುವುದಿಲ್ಲವೆಂದರೆ ಊರವರು ನಗದೆ ಬಿಡುತ್ತಾರೆಯೆ? ನಮ್ಮಮ್ಮ ಈ ನೆಲದಲ್ಲಿ ನಲವತ್ತಕ್ಕೆ ಒಂದು ಕಡಿಮೆ ವರ್ಷ ಬಾಳಿದಳು. ಅವಳ ಮಾತು ಮಾತ್ರ ಕೊನೆಯವರೆಗೂ ಅರ್ಧ ತೆಲುಗು, ಕಾಲು ಕನ್ನಡ, ಉಳಿದ ಕಾಲು ಕೈಸನ್ನೆ. ತಿದ್ದಲು ಹೋದರೆ, "ಕೇಳಿದವರಿಗೆ ತಿಳೀತಲ್ಲ, ನಿನಗೇನು ಕಷ್ಟ?" ಎನ್ನುತ್ತಿದ್ದಳು. ಬಿ.ಎಡ್.ನಲ್ಲಿ ನಾನು ಕಲಿತ ಬೋಧನಾ ವಿಧಾನಗಳಲ್ಲಿ ಒಂದೂ ಅವಳ ಮೇಲೆ ನಡೆಯಲಿಲ್ಲ.

ನಾವು ಕೃಷ್ಣೆ ಸಮುದ್ರ ಸೇರುವ ದಿವಿಸೀಮೆಯ ಕಡೆಯವರು. 1977ರ ನವೆಂಬರ್ 19ರಂದು ಬಂದ ಚಂಡಮಾರುತದಲ್ಲಿ ಸಮುದ್ರವೇ ಎದ್ದು ಊರುಗಳ ಒಳಗೆ ನುಗ್ಗಿತು. ಸಾವಿರಾರು ಜನ ಹೋದರು. ಅವರಲ್ಲಿ ಅಮ್ಮನ ತಾಯಿಯೂ ಒಬ್ಬರು. ನನಗಾಗ ಐದು ವರ್ಷ. ಗಾಳಿಯ ಸದ್ದು ಮತ್ತು ಅಮ್ಮ ನನ್ನನ್ನು ಸೀರೆಯಿಂದ ತನ್ನ ಸೊಂಟಕ್ಕೆ ಬಿಗಿದುಕೊಂಡದ್ದು, ಇವೆರಡೇ ನೆನಪು. ಆಮೇಲೆ ಹೊಲದಲ್ಲಿ ಉಪ್ಪು ಕೂತಿತು, ಮನೆಯಲ್ಲಿ ಸಾಲ ಕೂತಿತು.

1982ರಲ್ಲಿ ಸುರಪುರ ತಾಲ್ಲೂಕಿನ ನಾರಾಯಣಪುರದಲ್ಲಿ ಅದೇ ಕೃಷ್ಣೆಗೆ ಕಟ್ಟಿದ ಅಣೆಕಟ್ಟು ಮುಗಿದಿತ್ತು. ಎಡದಂಡೆ ಕಾಲುವೆಗೆ ನೀರು ಬರುತ್ತದೆ, ಅಲ್ಲಿ ಎರೆಹೊಲ ಅಗ್ಗ ಎಂಬ ಸುದ್ದಿ ಗೋದಾವರಿ, ಕೃಷ್ಣಾ ಸೀಮೆಗಳಿಗೆಲ್ಲ ಹಬ್ಬಿತು. ಜನ ಗುಂಪುಗುಂಪಾಗಿ ಬಂದು ಕ್ಯಾಂಪು ಹಾಕಿದರು. ಮರುವರ್ಷ ಅಪ್ಪನೂ ಹೋಗಿ ನೋಡಿ ಬಂದರು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿಂದ ಸಮುದ್ರ ಎಷ್ಟು ದೂರ?"

"ರೈಲಿನಲ್ಲಿ ಒಂದು ರಾತ್ರಿ, ಒಂದು ಹಗಲು."

"ಹಾಗಾದರೆ ನಡಿ."

ವಿಜಯವಾಡದಿಂದ ಸಿಕಂದರಾಬಾದ್, ಅಲ್ಲಿಂದ ವಾಡಿ, ವಾಡಿಯಿಂದ ಯಾದಗಿರಿ. ದಾರಿಯುದ್ದಕ್ಕೂ ಅಪ್ಪನಿಗೆ ಒಂದೇ ಗೋಳು. ಅಮ್ಮ ರುಬ್ಬುವ ಕಲ್ಲನ್ನು ಗೋಣಿಚೀಲದಲ್ಲಿ ಕಟ್ಟಿ ತಂದಿದ್ದಳು. ಸುರಪುರದಲ್ಲಿ ಬಸ್ಸಿಳಿದು ಕಣ್ಣೆತ್ತಿ ನೋಡಿದರೆ ಸುತ್ತಲೂ ಬರೀ ಗುಡ್ಡ, ಬರೀ ಬಂಡೆ! "ನೋಡು, ಈ ಊರಿಗೆ ನೀನು ಕಲ್ಲು ಹೊತ್ತು ತಂದೆ," ಎಂದರು ಅಪ್ಪ. ಅಮ್ಮ ಚೀಲ ತಟ್ಟಿ, "ಅದು ಕಲ್ಲು. ಇದು ನನ್ನ ಕಲ್ಲು," ಎಂದಳು. ಆದರೆ ಆ ಗುಡ್ಡಗಳನ್ನು ಅವಳು ಬಹಳ ಹೊತ್ತು ನೋಡಿದಳು. ಇವನ್ನು ದಾಟಿ ಸಮುದ್ರ ಬರಲಾರದು ಎಂಬ ನೆಮ್ಮದಿ ಅವಳಿಗೆ.

ಕ್ಯಾಂಪಿಗೆ ಬಂದ ಮರುದಿನವೇ ಮೊದಲ ಜಗಳ. ಮಕ್ಕಳಿಗೆ ಹಾಲು ಬೇಕೆಂದು ಅಮ್ಮ ತಂಬಿಗೆ ಹಿಡಿದು ಕೆಳಗಿನ ಹೊಲದವರ ಮನೆಗೆ ಹೋದಳು. ನಾವು ಕೊಂಡದ್ದು ಆ ಮನೆಯಾಕೆಯ ಮೈದುನ ಮಾರಿದ ಹೊಲ. ತೆಲುಗಿನಲ್ಲಿ ಹಾಲಿಗೆ ಪಾಲು ಎನ್ನುತ್ತಾರೆ. ಅಮ್ಮ ಬಾಗಿಲಲ್ಲಿ ನಿಂತು, "ಮಕ್ಕಳಿಗೆ ಪಾಲು ಬೇಕು, ಪಾಲು ಕೊಡಿ," ಎಂದಳು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದಳು. "ಹೊಲ ತೊಗೊಂಡ್ರಿ, ಸಾಲ್ದೇನು? ಇನ್ನ ಮನ್ಯಾಗೂ ಪಾಲು ಬೇಕೇನು?" ಅಮ್ಮ ಬರಿ ತಂಬಿಗೆಯೊಂದಿಗೆ ವಾಪಸು ಬಂದಳು. "ಒಂದು ಲೋಟ ಪಾಲಿಗೆ ಇಷ್ಟು ಕೋಪವಾ?" ಎಂದು ಮೂರು ದಿನ ಗೊಣಗಿದಳು.

ಹನ್ನೊಂದು ವರ್ಷದ ನನ್ನನ್ನು ಮೂರನೇ ತರಗತಿಯಲ್ಲಿ ಕೂರಿಸಿದರು. ನಾನು ಅತ್ತರೆ ಅಮ್ಮ ನನ್ನ ಪುಸ್ತಕ ತೆರೆದು ನೋಡಿ, "ಇದೇನು, ನಮ್ಮ ಅಕ್ಷರಾನೇ! ಎಣ್ಣೆ ಹಚ್ಚಿ ತಲೆ ಬಾಚಿದ್ದಾರೆ ಅಷ್ಟೆ," ಎಂದಳು. ಎರಡು ಲಿಪಿಗಳ ತಲೆಕಟ್ಟಿನ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಕೊಟ್ಟಿಲ್ಲ.

ಆದರೆ ಅವಳ ಮಾತಿಗೆ ನಾನು ನಾಚಿದ್ದೂ ಉಂಟು. ಒಂದು ಮಧ್ಯಾಹ್ನ ನನಗೆ ಬುತ್ತಿ ತಂದವಳು ಶಾಲೆಯ ಕಟ್ಟೆಯ ಮೇಲೆ ಕುಸಿದು ಕುಳಿತಳು. ಏನಾಯಿತೆಂದು ಗುರುಗಳು ಕೇಳಿದರು. "ಎಂಡ ಜಾಸ್ತಿ ಆಯಿತು ಸಾರ್, ತಲೆ ತಿರುಗಿತು," ಎಂದಳು. ಎಂಡ ಅಂದರೆ ತೆಲುಗಿನಲ್ಲಿ ಬಿಸಿಲು. ಹುಡುಗರಿಗೆ ಕೇಳಿಸಿದ್ದು ಹೆಂಡ. ತಿಂಗಳುಗಟ್ಟಲೆ ನನ್ನನ್ನು ಕಂಡಾಗಲೆಲ್ಲ ತೂರಾಡುತ್ತ ನಡೆದು ತೋರಿಸುತ್ತಿದ್ದರು. ಅಂದು ರಾತ್ರಿ ನಾನು ಅಮ್ಮನಿಗೆ, "ನೀನು ಇನ್ನು ಶಾಲೆಗೆ ಬರಬೇಡ," ಎಂದೆ. ಅವಳು ಬೈಯಲಿಲ್ಲ. ಮರುದಿನದಿಂದ ಬುತ್ತಿ ಹಿಡಿದು ಬೇವಿನ ಮರದ ಕೆಳಗೆ, ಶಾಲೆಯ ಗೇಟಿನ ಹೊರಗೇ ನಿಂತಳು. ಯಾರು ಏನು ಕೇಳಿದರೂ ಬಾಯಿ ಬಿಡದೆ ನನ್ನ ಕಡೆ ಕೈ ತೋರಿಸುತ್ತಿದ್ದಳು. ಜಗಳಗಂಟಿ ಅಮ್ಮ ಬಾಯಿ ಮುಚ್ಚಿ ನಿಂತದ್ದನ್ನು ನಾನು ನೋಡಿದ್ದು ಅಲ್ಲಿ ಮಾತ್ರ.

ಬಾಯಿ ಮತ್ತೆ ತೆರೆದದ್ದು ಸುರಪುರದ ಸಂತೆಯಲ್ಲಿ, ಸೊಪ್ಪಿನ ರಾಶಿಯೊಂದರ ಮುಂದೆ. "ಗೋಂಗೂರ!" ಎಂದು ಕೂಗಿಕೊಂಡಳು. ಮಾರುವವಳು "ಅದು ಪುಂಡಿ ಪಲ್ಯ" ಎಂದಳು. "ಗೋಂಗೂರ", "ಪುಂಡಿ" ಎಂದು ಇಬ್ಬರೂ ಬಹಳ ಹೊತ್ತು ವಾದಿಸಿದರು. ಕೊನೆಗೆ ಅಮ್ಮ ಒಂದು ಎಲೆ ಅಗಿದು, ಕಣ್ಣು ಒರೆಸಿಕೊಂಡು, "ಹುಳಿ ಒಂದೇ," ಎಂದು ರಾಜಿಯಾದಳು.

ಈಗ ಹೇಳಲೇಬೇಕಾದ ಒಂದು ಮಾತು. ಆ ಕಾಲುವೆಯ ನೀರನ್ನು ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆಂದು ಲೆಕ್ಕ ಹಾಕಿದ್ದರು. ನಾವು ಬಂದವರು ಭತ್ತ ಹಚ್ಚಿದೆವು. ಮೇಲಿನವರು ಗದ್ದೆ ತುಂಬಿಸಿಕೊಂಡರೆ ಕಾಲುವೆಯ ತುದಿಯವರಿಗೆ ಏನು ಉಳಿದೀತು? ನಮ್ಮ ಕಡೆ ನೀರು ನಿಂತು ನೆಲ ಸವುಳಾಗುತ್ತಿತ್ತು. ಕೆಳಗೆ ಶೇಂಗಾ ಒಣಗುತ್ತಿತ್ತು.

ಒಂದು ಬೇಸಿಗೆಯ ರಾತ್ರಿ ಅಪ್ಪ ಹೊಲಗಾಲುವೆಗೆ ಕಲ್ಲು, ಮಣ್ಣು ಹಾಕಿ ನೀರನ್ನೆಲ್ಲ ನಮ್ಮ ಗದ್ದೆಗೆ ತಿರುಗಿಸಿದರು. ಕೆಳಗಿನ ಹೊಲದಾಕೆ ಕಂದೀಲು ಹಿಡಿದು ಬಂದು ಆ ಒಡ್ಡಿನ ಮೇಲೆಯೇ ಕೂತುಬಿಟ್ಟಳು. ಗಂಡಸರ ಕೂಗಾಟ ಜೋರಾಯಿತು. ಆಕೆ ಯಾರಿಗೂ ಉತ್ತರ ಕೊಡದೆ ಅಮ್ಮನನ್ನು ನೋಡಿ, "ನಮ್ಮ ಮಕ್ಕಳಿಗೂ ಪಾಲು ಬ್ಯಾಡೇನವ್ವ?" ಎಂದಳು.

ಆ ಮಾತಿಗೆ ಅಮ್ಮನಿಗೆ ತರ್ಜುಮೆ ಬೇಕಾಗಲಿಲ್ಲ. ತೆಲುಗಿನಲ್ಲಿ ಭಾಗಕ್ಕೂ ಪಾಲು ಎಂದೇ ಹೇಳುತ್ತಾರೆ. ಅಪ್ಪನ ಕೈಯಿಂದ ಸಲಿಕೆ ಕಿತ್ತುಕೊಂಡು ಒಡ್ಡು ಒಡೆದಳು. ನೀರು ಕೆಳಗೆ ಹರಿಯಿತು. ಆ ವರ್ಷ ನಮ್ಮ ಒಂದೆಕರೆ ಭತ್ತ ಒಣಗಿತು. ಅಪ್ಪ ಎರಡು ದಿನ ಊಟ ಬಿಟ್ಟರು. "ಸರಿ, ಅಕ್ಕಿ ಉಳೀತು," ಎಂದಳು ಅಮ್ಮ. ಮರುವರ್ಷ ಆ ಎಕರೆಗೆ ಜೋಳ ಬಿತ್ತಿಸಿದಳು. ಜೋಳ ಬಂದ ಮೇಲೆ ರೊಟ್ಟಿ ಬಡಿಯಲು ಕಲಿಸಿದ್ದು ಕೆಳಗಿನ ಹೊಲದಾಕೆಯೇ. ಅಮ್ಮನ ರೊಟ್ಟಿ ಯಾವತ್ತೂ ದುಂಡಗಾಗಲಿಲ್ಲ. "ಇದು ನಿಮ್ಮ ಆಂಧ್ರದ ನಕಾಶಿ ಅದ ನೋಡು," ಎಂದು ಆಕೆ ನಗುತ್ತಿದ್ದಳು. ಎಳ್ಳ ಅಮಾವಾಸ್ಯೆಗೆ ಇಬ್ಬರೂ ಒಂದೇ ಬುಟ್ಟಿಯಿಂದ ಎರಡೂ ಹೊಲಗಳಿಗೆ ಚರಗ ಚೆಲ್ಲುತ್ತಿದ್ದರು.

ನನಗೆ ನೌಕರಿ ಸಿಕ್ಕಾಗ ಅಮ್ಮ ಶಾಲೆ ನೋಡಲು ಬಂದಳು. ಬಂದವಳು ಗೇಟಿನ ಹೊರಗೇ ನಿಂತಳು. ನಾನು ಓಡಿಹೋಗಿ, "ಒಳಗೆ ಬಾಮ್ಮಾ," ಎಂದೆ.

"ನನ್ನ ಕನ್ನಡಾನೂ ಒಳಗೆ ಬರಬಹುದಾ?"

ನಗುತ್ತಲೇ ಕೇಳಿದಳು. ನನಗೆ ಮಾತ್ರ ನಗಲಾಗಲಿಲ್ಲ.

ಕೊನೆಯ ವರ್ಷಗಳನ್ನು ಶಹಾಪುರದ ನಮ್ಮ ಮನೆಯಲ್ಲಿ ಕಳೆದಳು. ನನ್ನ ಮಕ್ಕಳಿಗೆ ಅವಳು ಅಮ್ಮಮ್ಮ. ಮಲಗಿದ ಬುದ್ಧನಂತೆ ಕಾಣುವ ಇಲ್ಲಿಯ ಬೆಟ್ಟವನ್ನು ಅವರು ಹೆಮ್ಮೆಯಿಂದ ತೋರಿಸಿದರೆ, "ಬೆಟ್ಟವೂ ಮಲಗಿದರೆ ಈ ಊರಲ್ಲಿ ಕೆಲಸ ಮಾಡೋರು ಯಾರು?" ಎಂದಳು. ಗಾಳಿ ಜೋರಾಗಿ ಬೀಸಿದರೆ ಮಾತ್ರ ತಮಾಷೆ ನಿಲ್ಲುತ್ತಿತ್ತು. ಬಾಗಿಲಿನ ಚಿಲಕಕ್ಕೆ ಹಗ್ಗ ಕಟ್ಟಿ, ಮೊಮ್ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಳು. ಪ್ರತಿ ನವೆಂಬರ್ 19ರ ಸಂಜೆ ಏನೂ ಹೇಳದೆ ಒಂದು ದೀಪ ಹಚ್ಚುತ್ತಿದ್ದಳು.

ತನ್ನ ಅಸ್ಥಿಯ ವಿಷಯವನ್ನೂ ಮೊದಲೇ ಹೇಳಿಟ್ಟಿದ್ದಳು. ಕೃಷ್ಣೆ ಕಡಲು ಸೇರುವ ಹಂಸಲದೀವಿಗೆ ಒಯ್ಯುತ್ತೇನೆ ಎಂದ ನನ್ನ ತಮ್ಮ. "ರೈಲು ಖರ್ಚು ಯಾಕೆ? ನಾರಾಯಣಪುರದಲ್ಲಿ ಬಿಡು, ನಾನೇ ಹೋಗಿ ಸೇರ್ತೇನೆ," ಎಂದಳು. ಜುರಾಲ, ಶ್ರೀಶೈಲ, ನಾಗಾರ್ಜುನ ಸಾಗರ, ವಿಜಯವಾಡದ ಬ್ಯಾರೇಜು, ನಡುವೆ ಎಷ್ಟೊಂದು ಕಟ್ಟೆಗಳು ಎಂದು ಅವನು ಎಣಿಸಿದ. "ಗೇಟು ತೆಗೆಸೋದು ನನಗೆ ಹೊಸದಾ?" ಎಂದಳು.

2022ರಲ್ಲಿ ಅವಳು ಹೋದಳು. ಹೇಳಿದಂತೆಯೇ ನಾರಾಯಣಪುರದ ಕೆಳಗೆ ಹೊಳೆಗೆ ಇಳಿದೆವು. ಕೆಳಗಿನ ಹೊಲದಾಕೆ ಕೋಲೂರಿಕೊಂಡು, ಮೊಮ್ಮಗನ ಕೈ ಹಿಡಿದು ಬಂದಿದ್ದಳು. ಸೆರಗಿನ ಮರೆಯಿಂದ ಒಂದು ತಂಬಿಗೆ ತೆಗೆದಳು. ತುಂಬ ಹಾಲು.

"ನಿಮ್ಮವ್ವಗ ಪಾಲು ತಂದೀನಿ. ಅವತ್ತು ಕೊಟ್ಟಿದ್ದಿಲ್ಲ ನೋಡು," ಎಂದು ನೀರಿಗೆ ಸುರಿದಳು.

ಕನ್ನಡ ಟೀಚರಾದ ನಾನು ಆ ಮಾತನ್ನು ತಿದ್ದಲು ಹೋಗಲಿಲ್ಲ.