ಹೆಸರನ್ನಷ್ಟೇ ಕೇಳಿದ ದಾನಿಗಳು

ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಉಚ್ಚಂಗೆಮ್ಮನ ದರ್ಶನ ಮುಗಿಸಿ ನಮ್ಮ ಮನೆಗೂ ಬಂದಿದ್ದ. ಬೆಂಗಳೂರಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವುದು ಅವನ ಕೆಲಸ. "ಸರ್, ಫ್ರೀಬಿಎಸ್‌ಡಿ ಎಂಬ ಹೆಸರು ಕೇಳಿದ್ದೀರಾ?" ಎಂದ. ಇಲ್ಲವೆಂದೆ. "ಅದರ ಉಪಕಾರವನ್ನಂತೂ ಪಡೆದಿದ್ದೀರಿ" ಎಂದು ನಕ್ಕ.

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬೆಳೆದ ಯುನಿಕ್ಸ್‌ನ ಕವಲಿನಿಂದ 1993ರಲ್ಲಿ ಹುಟ್ಟಿದ ಉಚಿತ ಕಾರ್ಯಾಚರಣ ವ್ಯವಸ್ಥೆಯಿದು. ಲಿನಕ್ಸ್‌ನಷ್ಟು ಪ್ರಸಿದ್ಧವಲ್ಲ. ಇದನ್ನು ನೆಚ್ಚಿ ವ್ಯಾಪಾರ ಮಾಡುವವರು ಯಾರಪ್ಪ ಎಂದು ಕೇಳಿದೆ.

ಅವನು ಹೇಳಿದ್ದನ್ನು ಕೇಳಿ ಬೆರಗಾದೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆಗೂಡಿ 1996ರಲ್ಲಿ ಆರಂಭಿಸಿದ ಹಾಟ್‌ಮೇಲ್ ಇದನ್ನು ಬಳಸಿತ್ತು. 1997ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಆದರೂ ಆ ಸರ್ವರ್‌ಗಳನ್ನು ವಿಂಡೋಸ್‌ಗೆ ಬದಲಾಯಿಸತೊಡಗಿದ್ದು 2000ದಲ್ಲಿ. ಫೇಸ್‌ಬುಕ್ 2014ರಲ್ಲಿ 1,900 ಕೋಟಿ ಡಾಲರಿಗೆ ಕೊಳ್ಳಲೊಪ್ಪಿದ ವಾಟ್ಸಾಪ್ ಆಗ ನಡೆಯುತ್ತಿದ್ದುದೂ ಇದರ ಮೇಲೆಯೇ. ಲಿನಕ್ಸ್‌ಗೆ ಹೋದದ್ದು ಆಮೇಲೆ. ಬೆಂಗಳೂರಿನಲ್ಲಿಯೂ ಅಭಿವೃದ್ಧಿ ಕೇಂದ್ರ ತೆರೆದ ಜುನಿಪರ್‌ನ ಜುನೋಸ್ ಇದರ ತಳಹದಿಯ ಮೇಲೆ ರೂಪುಗೊಂಡದ್ದು. ನೆಟ್‌ಫ್ಲಿಕ್ಸ್ ಚಲನಚಿತ್ರಗಳನ್ನು ಮನೆಮನೆಗೆ ಕಳಿಸುವ ಸರ್ವರ್‌ಗಳಲ್ಲಿ ಇಂದಿಗೂ ಇದೇ ಇದೆ.

ಹಾಗಿದ್ದರೆ ಇದು ಮರೆಯಲ್ಲಿ ಉಳಿದದ್ದೇಕೆ? ಲಿನಕ್ಸನ್ನು ತಿದ್ದಿ ಇತರರಿಗೆ ಕೊಡುವವರು ತಿದ್ದುಪಡಿಯ ಮೂಲವನ್ನೂ ಕೊಡಬೇಕೆಂಬುದು ಅದರ ಪರವಾನಗಿಯ ನಿಯಮ. ಫ್ರೀಬಿಎಸ್‌ಡಿ ಅದನ್ನೂ ಕೇಳುವುದಿಲ್ಲ. ತಿದ್ದಬಹುದು, ಮಾರಬಹುದು, ಗುಟ್ಟಾಗಿಯೂ ಇಡಬಹುದು. ಬರೆದವರ ಹೆಸರಿನ ಹಕ್ಕುಸೂಚನೆಯನ್ನು ಅಳಿಸಬಾರದು, ಅಷ್ಟೇ. ಉಳಿದದ್ದು ಪಡೆದವರ ಕೃತಜ್ಞತೆಗೆ ಬಿಟ್ಟದ್ದು. ವಾಟ್ಸಾಪ್‌ನ ಸಹಸ್ಥಾಪಕ ಜಾನ್ ಕೌಮ್ 2014ರಲ್ಲಿ ಫ್ರೀಬಿಎಸ್‌ಡಿ ಪ್ರತಿಷ್ಠಾನಕ್ಕೆ 10 ಲಕ್ಷ ಡಾಲರ್ ನೀಡಿದರು.

ಅವನು ಹೋದ ಮೇಲೆ ನನಗೆ ಸಮಾಧಾನವಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಯ ಬೀರುವಿನಲ್ಲಿ ಗಣಿತದ ಟಿಪ್ಪಣಿ ಪುಸ್ತಕವೊಂದು ಸಿಕ್ಕಿತ್ತು. ಹಿಂದಿದ್ದ ಮೇಷ್ಟರೊಬ್ಬರದು. ರಟ್ಟು ಹರಿದು ಹೆಸರು ಹೋಗಿತ್ತು. ವಿಚಾರಿಸಿದ್ದರೆ ತಿಳಿಯುತ್ತಿತ್ತು, ನಾನು ವಿಚಾರಿಸಲಿಲ್ಲ. ನೀವೆಲ್ಲ ಮೆಚ್ಚಿಕೊಂಡ ಆ ಸುಲಭ ವಿಧಾನಗಳಲ್ಲಿ ಹೆಚ್ಚಿನವು ಅವರವು. ನನ್ನವೆಂದು ನಾನು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಪಾಲಿಸಬೇಕಾಗಿದ್ದ ಒಂದೇ ನಿಯಮವನ್ನು ನಾನು ಮುರಿದಿದ್ದೆ.

ನಿಮ್ಮ ತಂದೆಯವರೋ ಅಣ್ಣಂದಿರೋ ನನಗಿಂತ ಮೊದಲು ಅಲ್ಲಿ ಗಣಿತ ಕಲಿತವರಾಗಿದ್ದರೆ, ದಯವಿಟ್ಟು ಆ ಮೇಷ್ಟರ ಹೆಸರನ್ನು ಕೇಳಿ ನನಗೆ ತಿಳಿಸಿ.