ರಾಯಚೂರಿನ ತೋಪು, ಕೃಷ್ಣೆಯ ಹರಿಗೋಲು

ಕೃಷ್ಣೆ ತುಂಗಭದ್ರೆಗಳ ನಡುವೆ ಹಬ್ಬಿರುವ ನಾಡಿಗೆ ದೋಆಬ್, ಎಂದರೆ ಎರಡು ನೀರುಗಳ ನಾಡು, ಎಂದು ಹಿಂದಿನಿಂದಲೂ ಹೆಸರು. ಹತ್ತಿ ಬೆಳೆಯುವ ಕರಿಯ ನೆಲ, ಉರಿಯುವ ಬಿಸಿಲು, ನಡುನಡುವೆ ಬೋಳು ಬಂಡೆಗಳ ಗುಡ್ಡ; ಕಡಲೆಂಬುದು ಯಾವ ದಿಕ್ಕಿಗೆ ಹೋದರೂ ನೂರೈವತ್ತು ಮೈಲಿಗೂ ಆಚೆ. ಇಂತಹ ಒಣನಾಡಿನಲ್ಲಿ ನಿಂತು ಹಡಗಿನ ತೋಪುಗಳ ವಿಚಾರವನ್ನು ಹೇಳಹೊರಟರೆ ವಾಚಕರು ನಕ್ಕಾರು. ಆದರೆ ಕಳೆದ ಚಳಿಗಾಲದಲ್ಲಿ ನಾವು ಕೈಗೊಂಡ ಎರಡು ದಿನಗಳ ಪ್ರವಾಸದಲ್ಲಿ, ಹತ್ತು ವರ್ಷದ ಹುಡುಗನೊಬ್ಬನು ಕೇಳಿದ ಒಂದು ಪ್ರಶ್ನೆಯು ನಮ್ಮನ್ನು ರಾಯಚೂರಿನ ಗುಡ್ಡದ ನೆತ್ತಿಯಿಂದ ನಡುಗಡಲಿನ ಹಡಗಿನ ಹಲಗೆಯ ಮೇಲಕ್ಕೆ ಕೊಂಡೊಯ್ದಿತು. ಆ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರವನ್ನೇ ಇಲ್ಲಿ ನಿವೇದಿಸುತ್ತೇವೆ.

ನಮ್ಮ ತಂಗಿಯ ಮನೆ ದೇವದುರ್ಗದಲ್ಲಿದೆ. ಗುಡ್ಡಗಳ ಮಗ್ಗುಲಲ್ಲಿರುವ ಈ ಊರು ಒಂದು ಕಾಲಕ್ಕೆ ಬೇಡ ನಾಯಕರ ಬಲವಾದ ನೆಲೆಯಾಗಿತ್ತು. ಮೊದಲನೆಯ ದಿನ ನಾವು ತಂಗಿಯ ಮಗನನ್ನು ಕರೆದುಕೊಂಡು ತಾಲ್ಲೂಕಿನ ಎಲ್ಲೆಯಲ್ಲಿ ಹರಿಯುವ ಕೃಷ್ಣೆಯ ದಡಕ್ಕೆ ಹೋದೆವು. ಹರಿಗೋಲಿನಲ್ಲಿ ಒಂದು ಸುತ್ತು ಬಂದದ್ದಾಯಿತು. ದಡ ಹತ್ತಿರ ಬರುತ್ತಲೇ ಹುಡುಗನು ತಡೆಯಲಾರದೆ ಒಮ್ಮೆಲೆ ಹಾರಿದನು. ಅವನು ಮುಂದಕ್ಕೆ ಹಾರಿದಂತೆ ಹರಿಗೋಲು ಹಿಂದಕ್ಕೆ ಜಾರಿತು; ದಡ ಮುಟ್ಟಬೇಕಾದ ಕಾಲು ಮೊಣಕಾಲುದ್ದದ ನೀರನ್ನು ಮುಟ್ಟಿತು. ಅಂಬಿಗನು ನಗುತ್ತ, “ನೀ ದಂಡಿ ಕಡೆ ಜಿಗಿದ್ರ ಅದು ಹೊಳಿ ಕಡೆ ಜಿಗೀತದ ತಮ್ಮಾ. ಮೊದಲ ಹಗ್ಗ ಹಿಡೀಬೇಕು, ಆಮ್ಯಾಲೆ ಜಿಗೀಬೇಕು” ಎಂದನು. ಆ ಮಾತಿನ ಬೆಲೆಯು ಆಗ ನಮಗೆ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಗಬ್ಬೂರಿನ ಹಳೆಯ ಗುಡಿಗಳನ್ನು ದಾರಿಯಲ್ಲಿಯೇ ನೋಡಿಕೊಂಡು ರಾಯಚೂರನ್ನು ಸೇರಿದೆವು. ರಾಯಚೂರಿನ ಕೋಟೆಗೆ ಎರಡು ಸುತ್ತಿನ ಗೋಡೆಗಳು. ಒಳಗಿನದು ಕಾಕತೀಯರ ಕಾಲದ್ದು, ೧೨೯೪ನೆಯ ಇಸವಿಯದು. ಹೊರಗಿನದು ಬಿಜಾಪುರದ ಇಬ್ರಾಹಿಂ ಆದಿಲ್ ಶಾಹನು ೧೫೪೯ರಲ್ಲಿ ಕಟ್ಟಿಸಿದ್ದು. ಒಳಗೋಡೆಯಲ್ಲಿ ನಾಲ್ವತ್ತು ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ಶಾಸನ, ಪಕ್ಕದಲ್ಲಿ ಆ ಕಲ್ಲನ್ನು ಕೋಣಗಳ ಬಂಡಿಯ ಮೇಲೆ ಎಳೆದು ತಂದ ಬಗೆಯ ಚಿತ್ರ. ಈ ಗೋಡೆಯ ಹಾಸುಗಲ್ಲುಗಳಿಗೆ ಗಾರೆಯ ಬೆಸುಗೆಯಿಲ್ಲ. ಕಲ್ಲಿಗೆ ಕಲ್ಲು ಕೂಡಿಸಿ, ಒಳಗೆ ಮಣ್ಣು ತುಂಬಿದ್ದಾರೆ. ವಾಚಕರು ಈ ಮಣ್ಣನ್ನು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಬರುವುದು.

ಅಲ್ಲಿಂದ ಮೆಟ್ಟಿಲೇರಿ ಬಾಲಾ ಹಿಸಾರ್ ಎಂದು ಕರೆಯುವ ಗುಡ್ಡದ ನೆತ್ತಿಯನ್ನು ಮುಟ್ಟಿದೆವು. ಕೆಳಗೆ ಮಾವಿನಕೆರೆ, ಊರಿನ ಮನೆಗಳು, ಆಚೆಗೆ ದಿಗಂತದವರೆಗೂ ಬಯಲು. ಅಲ್ಲಿ ಸುಮಾರು ಇಪ್ಪತ್ತು ಅಡಿ ಉದ್ದದ ಕಬ್ಬಿಣದ ತೋಪೊಂದು ಮಲಗಿದೆ. ಕಬ್ಬಿಣದ ಪಟ್ಟಿಗಳನ್ನು ಪೀಪಾಯಿಯ ಹಲಗೆಗಳಂತೆ ಜೋಡಿಸಿ, ಮೇಲೆ ಬಳೆಗಳನ್ನು ಕಾಸಿ ತೊಡಿಸಿ ಬಡಿಯುವುದು ದಖ್ಖಣದ ಕಮ್ಮಾರರ ಪದ್ಧತಿಯಾಗಿತ್ತು. ಹುಡುಗನು ತೋಪಿನ ಬಾಯಿಗೆ ಕೈಯಿಟ್ಟು ನೋಡಿದನು. ಹಿಂದಕ್ಕೆ ಬಂದು ಇಕ್ಕಟ್ಟಾದ ಜಾಗವನ್ನು ಹೆಜ್ಜೆಯಿಂದ ಅಳೆದನು. ಕೊನೆಗೆ, “ಮಾಮಾ, ಇದನ್ನ ಹಾರಿಸಿದಾಗ ಇದು ಹಿಂದಕ್ಕ ಎಲ್ಲಿಗೆ ಹೋಗ್ತಿತ್ತು?” ಎಂದು ಕೇಳಿದನು. ಗುಂಡು ಎಷ್ಟು ದೂರ ಹೋಗುತ್ತಿತ್ತೆಂದು ಕೇಳುವವರೇ ಲೋಕದಲ್ಲಿ ಹೆಚ್ಚು. ಇವನು ಹಿಂದಿನ ದಿನ ನೀರಿಗೆ ಬಿದ್ದಿದ್ದನಾದುದರಿಂದ ಸರಿಯಾದ ಪ್ರಶ್ನೆಯನ್ನೇ ಕೇಳಿದನು.

ತೋಪಿನ ತತ್ತ್ವವೂ ಹರಿಗೋಲಿನ ತತ್ತ್ವವೂ ಒಂದೇ. ಮದ್ದು ಉರಿದು ಹುಟ್ಟುವ ಬಿಸಿಗಾಳಿಯು ಗುಂಡನ್ನು ಮುಂದಕ್ಕೆ ನೂಕುವಷ್ಟೇ ಬಲದಿಂದ ತೋಪನ್ನು ಹಿಂದಕ್ಕೆ ನೂಕುತ್ತದೆ. ತೋಪು ಭಾರವಾಗಿರುವುದರಿಂದ ನಿಧಾನವಾಗಿ ಸರಿಯುತ್ತದೆ, ಅಷ್ಟೇ ಭೇದ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಯುದ್ಧನೌಕೆಗಳಲ್ಲಿದ್ದ ದೊಡ್ಡ ತೋಪಿನ ಲೆಕ್ಕವನ್ನು ನೋಡೋಣ. ಗುಂಡಿನ ತೂಕ ೩೨ ಪೌಂಡು, ಎಂದರೆ ಹದಿನಾಲ್ಕೂವರೆ ಕಿಲೋಗ್ರಾಮು. ತೋಪೂ ಅದರ ಗಾಡಿಯೂ ಸೇರಿ ಸುಮಾರು ೩ ಟನ್ನು. ಗುಂಡು ಸೆಕೆಂಡಿಗೆ ೪೫೦ ಮೀಟರಿನಂತೆ ಹೊರಬಿದ್ದರೆ, ಅದಕ್ಕಿಂತ ಇನ್ನೂರು ಪಾಲು ಭಾರವಾದ ತೋಪು ಸೆಕೆಂಡಿಗೆ ಎರಡು ಮೀಟರಿಗೂ ಹೆಚ್ಚಾಗಿ ಹಿಂದೋಡುತ್ತದೆ. ಹೊಗೆಯ ರಭಸವನ್ನೂ ಕೂಡಿಸಿದರೆ ಮೂರು ಮೀಟರಿನ ಹತ್ತಿರ ಬರುತ್ತದೆ. ಮೂರು ಟನ್ನಿನ ಭಾರವು ಆಳು ಓಡುವ ವೇಗದಲ್ಲಿ ಹಿಂದಕ್ಕೆ ನುಗ್ಗಿದರೆ ಅಡ್ಡಬಂದವನ ಗತಿಯೇನು?

ನೆಲದ ಮೇಲೆ ಪಕ್ಕಕ್ಕೆ ಸರಿಯಲು ಜಾಗವಿದೆ. ಹಡಗಿನಲ್ಲಿ ಅದೂ ಇಲ್ಲ. ಕಾಲಡಿಯ ಹಲಗೆಯೇ ತೂಗಾಡುತ್ತಿರುತ್ತದೆ, ಬೆನ್ನ ಹಿಂದೆ ಇನ್ನೊಂದು ಪಕ್ಕದ ತೋಪುಗಳು ನಿಂತಿರುತ್ತವೆ. ಆದುದರಿಂದ ನಾವಿಕರು ನಮ್ಮ ಅಂಬಿಗನ ಉಪಾಯವನ್ನೇ ಹಿಡಿದರು. ನಾಲ್ಕು ಚಿಕ್ಕ ಮರದ ಗಾಲಿಗಳ ಗಾಡಿಯ ಮೇಲೆ ತೋಪನ್ನು ಕೂಡಿಸಿದರು. ಅದರ ಹಿಂಭಾಗಕ್ಕೆ ದಪ್ಪನೆಯ ಹಗ್ಗವನ್ನು ಸುತ್ತಿ, ಎರಡು ತುದಿಗಳನ್ನೂ ಹಡಗಿನ ಪಕ್ಕದ ಮರಕ್ಕೆ ಬಿಗಿದರು. ಹಾರಿಸಿದೊಡನೆ ತೋಪು ಹಿಂದಕ್ಕೆ ಓಡಿ ಹಗ್ಗ ಬಿಗಿದಲ್ಲಿ ನಿಲ್ಲುತ್ತಿತ್ತು. ಆಗ ಅದರ ಬಾಯಿ ಕಿಂಡಿಯಿಂದ ಒಳಕ್ಕೆ ಬಂದಿರುತ್ತಿತ್ತು. ಒದ್ದೆ ಕುಂಚದಿಂದ ಕಿಡಿಗಳನ್ನಾರಿಸಿ, ಮದ್ದಿನ ಚೀಲವನ್ನೂ ಗುಂಡನ್ನೂ ತುರುಕಿ, ಆರೇಳು ಜನರು ಹಗ್ಗ ಜಗ್ಗಿ ಮತ್ತೆ ಹೊರಕ್ಕೆ ನೂಕುತ್ತಿದ್ದರು. ಪಳಗಿದ ಕೈಗಳಿಗೆ ಒಂದೂವರೆ ನಿಮಿಷದ ಕೆಲಸ. ತೋಪು ಹಿಂದಕ್ಕೆ ಒದೆಯುವುದನ್ನು ತಡೆಯದೆ ಅದಕ್ಕೊಂದು ದಾರಿಯನ್ನು ಕೊಟ್ಟು, ಆ ಒದೆತದಿಂದಲೇ ತೋಪನ್ನು ಒಳಕ್ಕೆ ತರಿಸಿಕೊಳ್ಳುತ್ತಿದ್ದರು. ಹಗ್ಗ ಹರಿಯಿತೋ, ಶತ್ರುವಿನ ಗುಂಡಿಗಿಂತ ಸ್ವಂತ ತೋಪೇ ಹೆಚ್ಚು ಜನರನ್ನು ಮುರಿಯುವ ಭಯ.

ಇನ್ನು ಆ ಗುಂಡು ಎದುರಿನ ಹಡಗನ್ನು ತಾಗಿದರೆ ಏನಾಗುತ್ತಿತ್ತು? ದೊಡ್ಡ ರಂಧ್ರ ಬಿದ್ದು ಹಡಗು ಮುಳುಗುತ್ತಿತ್ತೆಂದೇ ಬಹುಜನರ ಎಣಿಕೆ. ಮರದ ಹಡಗುಗಳು ಗುಂಡಿನಿಂದ ಮುಳುಗುತ್ತಿದ್ದುದು ವಿರಳ. ಮರದ ನಾರು ಗುಂಡು ಹೊಕ್ಕ ಮೇಲೆ ಮತ್ತೆ ಕೂಡಿಕೊಂಡು ಹೊರಗಿನ ತೂತನ್ನು ಚಿಕ್ಕದು ಮಾಡುತ್ತದೆ. ಬಡಗಿಗಳು ಗೂಟ ಹೊಡೆದು ಅದನ್ನು ಮುಚ್ಚಿಬಿಡುತ್ತಿದ್ದರು. ನಿಜವಾದ ಹಾನಿ ಒಳಮೈಯಲ್ಲಿ. ಗುಂಡು ಹೊರಬೀಳುವ ಕಡೆ ಹಲಗೆ ಸಿಡಿದು, ಗೇಣುದ್ದ ಮೊಳದುದ್ದದ ಸಿಬಿರುಗಳು ಈಟಿಗಳಂತೆ ಹಾರುತ್ತಿದ್ದುವು. ಎರಡು ಅಡಿ ದಪ್ಪದ ಮರವನ್ನು ಕಷ್ಟಪಟ್ಟು ತೂರಿಬಂದ ನಿಧಾನದ ಗುಂಡು, ವೇಗದ ಗುಂಡಿಗಿಂತ ಹೆಚ್ಚು ಸಿಬಿರುಗಳನ್ನೆಬ್ಬಿಸುತ್ತಿತ್ತು. ನಾವಿಕನನ್ನು ಕಾಯಬೇಕಾದ ಗೋಡೆಯೇ ಅವನನ್ನು ಇರಿಯುತ್ತಿತ್ತು. ಕೂವೆಮರಗಳು ಉರುಳಿ, ಆಳುಗಳು ಸಾಯುತ್ತ ಸಾಯುತ್ತ, ಹಡಗು ತೇಲುತ್ತಿರುವಂತೆಯೇ ಶರಣಾಗುತ್ತಿತ್ತು.

ಈ ವಿದ್ಯೆಯನ್ನು ಬಲ್ಲ ಪೋರ್ಚುಗೀಸರು ನಮ್ಮ ಪಡುಗಡಲಿಗೆ ೧೪೯೮ರಲ್ಲಿ ಬಂದರು. ೧೫೧೦ರಲ್ಲಿ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಗೋವೆಯನ್ನು ಹಿಡಿದರು. ಅವರ ಹಡಗುಗಳ ಅಂಚಿನಲ್ಲಿ ಸಣ್ಣ ತೋಪುಗಳೂ ಇದ್ದುವು. ಕಬ್ಬಿಣದ ಕವಲಿನ ಮೇಲೆ ಕುಳಿತು ಮೇಲಕ್ಕೂ ಕೆಳಕ್ಕೂ ಸುತ್ತಲೂ ತಿರುಗುವ ತೋಪುಗಳು ಅವು. ಪರದೇಶಿಯೆಂಬ ಅರ್ಥದ ಫಿರಂಗಿ ಎಂಬ ಮಾತೇ ಕನ್ನಡದಲ್ಲಿ ತೋಪಿನ ಹೆಸರಾಗಿ ನಿಂತಿರುವುದನ್ನು ವಾಚಕರು ಬಲ್ಲರು. ಆ ಫಿರಂಗಿಯವರಲ್ಲಿ ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬವನು ಇಪ್ಪತ್ತು ಜನ ಕೋವಿಕಾರರೊಡನೆ ೧೫೨೦ರಲ್ಲಿ ಕೃಷ್ಣದೇವರಾಯನ ರಾಯಚೂರಿನ ಪಾಳೆಯಕ್ಕೆ ಬಂದನು. ಆಗಿನ ಸಂಗತಿಯನ್ನು ನೂನಿಜ್ ಎಂಬ ಪೋರ್ಚುಗೀಸನು ಹದಿನೈದು ವರ್ಷಗಳ ತರುವಾಯ ಬರೆದಿಟ್ಟಿದ್ದಾನೆ.

ಅವನು ಹೇಳುವಂತೆ, ಕೋಟೆಯ ಬುರುಜುಗಳು ಒಂದರಲ್ಲಿ ಆಡಿದ ಮಾತು ಇನ್ನೊಂದಕ್ಕೆ ಕೇಳಿಸುವಷ್ಟು ಹತ್ತಿರ ಹತ್ತಿರ. ಅವುಗಳ ನಡುನಡುವೆ ೨೦೦ ಭಾರಿ ತೋಪುಗಳು. ರಾಯನು ಗೋಡೆಯನ್ನು ತೋಪಿನಿಂದ ಒಡೆಯಲಿಲ್ಲ. ಹಾರೆ ಗುದ್ದಲಿಗಳಿಂದ ಒಡೆಯಿಸಿದನು. ಕಿತ್ತು ತಂದ ಕಲ್ಲಿನ ಗಾತ್ರವನ್ನು ನೋಡಿ ಹಣ ಕೊಡುತ್ತಿದ್ದರಂತೆ. ಗೋಡೆಯ ಬುಡವನ್ನು ಸೇರಿದವರಿಗೆ ತೋಪುಗಳ ಭಯವಿರಲಿಲ್ಲ, ಏಕೆಂದರೆ ಎತ್ತರದಲ್ಲಿದ್ದ ಆ ತೋಪುಗಳು ತಮ್ಮ ಕಾಲಡಿಯನ್ನು ನೋಡಲಾರದೆ ಹೋದುವು. ಮೇಲಿನಿಂದ ಬೀಳುವ ಕಲ್ಲು ಬಾಣಗಳೇ ಅವರನ್ನು ಕೊಲ್ಲುತ್ತಿದ್ದುವು. ಗೋಡೆಯೊಳಗಿನ ಮಣ್ಣನ್ನು ಈಗ ನೆನೆಯಬೇಕು. ಮರ ಸಿಡಿಯುತ್ತದೆ, ಮಣ್ಣು ಸಿಡಿಯುವುದಿಲ್ಲ, ಗುಂಡನ್ನು ನುಂಗುತ್ತದೆ. ಅಂತಹ ಗೋಡೆಯನ್ನು ಗೆಲ್ಲುವುದು ಬಡವನ ಹಾರೆಯೇ ಹೊರತು ರಾಯನ ಮದ್ದಲ್ಲ. ೧೨೯೪ರಲ್ಲಿ ಕಲ್ಲು ತಂದವರ ಚಿತ್ರವಾದರೂ ಗೋಡೆಯ ಮೇಲಿದೆ; ಹಣದ ಆಸೆಗೆ ಅದೇ ಗೋಡೆಯ ಬುಡದಲ್ಲಿ ಸತ್ತವರಿಗೆ ಒಂದು ಗೆರೆಯ ಗುರುತೂ ಇಲ್ಲ.

ಅಷ್ಟರಲ್ಲಿ ಇಸ್ಮಾಯಿಲ್ ಆದಿಲ್ ಶಾಹನು ಕೃಷ್ಣೆಯನ್ನು ದಾಟಿ ಬಂದನು. ಮೇ ತಿಂಗಳ ಆ ಕಾಳಗದಲ್ಲಿ ಅವನ ತೋಪುಗಳೆಲ್ಲವೂ ಒಮ್ಮೆಗೇ ಹಾರಿದುವು. ರಾಯನ ಮುಂದಣ ಪಡೆಯು ಮುರಿದು ಓಡಿತು. ಆಗ ರಾಯನು ತನ್ನ ಉಂಗುರವನ್ನು ಸೇವಕನಿಗೆ ಕೊಟ್ಟು, ತಾನು ಮಡಿದರೆ ರಾಣಿಯರಿಗೆ ತೋರಿಸುವಂತೆ ಹೇಳಿ, ಉಳಿದ ದಂಡಿನೊಡನೆ ನುಗ್ಗಿದನು. ಬಾಯಿಯಿಂದ ಮದ್ದು ತುಂಬುವ ಭಾರಿ ತೋಪುಗಳಿಗೆ ಎರಡನೆಯ ಸಲ ಹಾರಲು ಬಿಡುವು ಬೇಕು, ಕುದುರೆಗೆ ಬೇಡ. ಆ ದಿನ ೪೦೦ ಭಾರಿ ತೋಪುಗಳು ರಾಯನ ಕೈಸೇರಿದುವೆಂದು ನೂನಿಜ್ ಬರೆಯುತ್ತಾನೆ. ಬಳಿಕ ಕೋಟೆಯ ಕೆಳಗೆ ಫಿಗೆರೆದೊನ ಕೋವಿಕಾರರು ಗೋಡೆಯ ಮೇಲೆ ತಲೆ ತೋರಿಸಿದವರನ್ನು ಹೊಡೆದರು. ಕಿಂಡಿಯಿಂದ ಇಣುಕಿದ ಕೋಟೆಯ ಅಧಿಕಾರಿಯ ಹಣೆಗೇ ಗುಂಡು ತಾಗಿತು, ಕೋಟೆ ಶರಣಾಯಿತು.

ಗೆದ್ದವರು ವಿಜಯನಗರದವರು, ಕಲಿತವರು ಸೋತವರು. ೧೫೩೦ರ ಹೊತ್ತಿಗೆ ರಾಯಚೂರನ್ನು ಮರಳಿ ಪಡೆದ ಬಿಜಾಪುರದವರು ಹೊರಗೋಡೆಯನ್ನು ಕಟ್ಟಿದರು. ಮುಂದೆ ತಮ್ಮ ಕೋಟೆಗಳ ಬುರುಜುಗಳನ್ನು ಎತ್ತರಿಸಿ, ತೋಪಿನ ಎರಡು ಪಕ್ಕಗಳಿಗೂ ತೋಳಿನಂತಹ ಅಚ್ಚುಗಳನ್ನು ಕೂಡಿಸಿ, ಕಲ್ಲಿನ ಕುಳಿಯಲ್ಲಿ ತಿರುಗುವ ಕಬ್ಬಿಣದ ಕವಲಿನ ಮೇಲೆ ಅದನ್ನು ಏರಿಸಿದರು. ರಿಚರ್ಡ್ ಈಟನ್, ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು ೨೦೧೪ರ ತಮ್ಮ ಗ್ರಂಥದಲ್ಲಿ ಈ ಕೋಟೆಗಳನ್ನು ಅಳೆದು ನೋಡಿ ಈ ಮಾರ್ಪಾಟನ್ನು ವಿವರಿಸಿದ್ದಾರೆ. ಹಡಗಿನ ಅಂಚಿನ ಸಣ್ಣ ತೋಪಿನ ಯುಕ್ತಿಯೇ ಇಲ್ಲಿ ಗುಡ್ಡದ ಮೇಲಿನ ದೊಡ್ಡ ತೋಪಿಗೆ ಬಂದುದನ್ನು ಕಾಣುತ್ತೇವೆ. ವಿಜಯನಗರದವರಾದರೋ ೧೫೨೦ರ ಗೆಲವಿನಿಂದ ತೋಪಿಗಿಂತ ಕುದುರೆಯೇ ಮೇಲೆಂದು ಬಗೆದಂತೆ ತೋರುತ್ತದೆ. ೧೫೬೫ರ ಜನವರಿಯಲ್ಲಿ ರಕ್ಕಸಗಿ ತಂಗಡಗಿಯ ಬಯಲಿನಲ್ಲಿ ಸುಲ್ತಾನರ ತೋಪುಗಳು ತಾಮ್ರದ ಕಾಸಿನ ಚೀಲಗಳನ್ನೇ ಹತ್ತಿರದಿಂದ ಉಗುಳಿದುವೆಂದು ಫಿರಿಸ್ತಾ ಬರೆದಿದ್ದಾನೆ. ಹಂಪೆಯ ಪಾಳುಗೋಡೆಗಳು ಮುಂದಿನ ಕಥೆಯನ್ನು ಹೇಳುತ್ತವೆ.

ಸಂಜೆ ಮಾನ್ವಿಯ ಬಸ್ಸು ಹಿಡಿದೆವು. ಕಾಲುವೆಯ ನೀರು ಹರಿದ ಕಡೆಯೆಲ್ಲ ಬತ್ತದ ಹಸಿರು. ಮಾನ್ವಿಗೂ ಒಂದು ಕೋಟೆಯಿತ್ತು, ಪಾಳಾಗಿದೆ. ಅದನ್ನು ಕೇಳಿಕೊಂಡು ಬರುವವರು ಕಡಿಮೆ. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರ ಸ್ತಂಭವಿರುವ ಗುಡಿಯನ್ನು ಕೇಳಿಕೊಂಡು ಬರುವವರೇ ಹೆಚ್ಚು. ನಾವೂ ಅಲ್ಲಿಗೆ ಹೋಗಿ ಕೈಮುಗಿದು, ಜಗಲಿಯ ಮೇಲೆ ಕುಳಿತಾಗ ಹುಡುಗನಿಗೆ ಅವನ ಪ್ರಶ್ನೆಯ ಉತ್ತರವನ್ನು ಇಷ್ಟುದ್ದವಾಗಿ ಹೇಳಿದೆವು. ಅವನು ಬಹಳ ಹೊತ್ತು ಯೋಚಿಸಿ, “ಅಂದ್ರ ಅಂಬಿಗ ಹೇಳಿದ್ದೇ ಖರೆ ಮಾಮಾ, ಮೊದಲ ಹಗ್ಗ” ಎಂದನು. ಇನ್ನೂರು ತೋಪುಗಳ ಒಡೆಯರಿಗೆ ಒಂದು ಕೋಟೆಯನ್ನು ತೆತ್ತು ಕಲಿಯಬೇಕಾದ ಪಾಠವನ್ನು ಅವನು ಒಂದು ಚಡ್ಡಿಯನ್ನು ನೆನೆಸಿಕೊಂಡು ಕಲಿತಿದ್ದನು. ಅಗ್ಗವಾಗಿಯೇ ಕಲಿತನೆಂದು ನಾವು ಸಂತೋಷಪಟ್ಟೆವು.