ಸೇತುವೆಯ ಮೇಲಿನ ಮೂರು ಬಟ್ಟಲು

ನಾನು ಹುಣಸೂರು ತಾಲೂಕಿನ ಗಾವಡಗೆರೆಯವನು. ಹೊಗೆಸೊಪ್ಪು ಬೆಳೆಯುತ್ತೇನೆ. ಸೊಪ್ಪು ಹದಮಾಡುವ ಒಂದು ಬ್ಯಾರನ್ ಇದೆ, ತಂಬಾಕು ಮಂಡಳಿಯ ಲೈಸೆನ್ಸ್ ಇದೆ. ಎಷ್ಟೋ ವರ್ಷದಿಂದ ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಬೇಲ್ ಹಾಕುತ್ತಾ ಬಂದಿದ್ದೇನೆ. ಯಾರ ಕೈಲೂ ಮೋಸ ಹೋದವನಲ್ಲ ಎಂಬ ಜಂಬ ನನಗಿತ್ತು. ಮುಂದೆ ಆದದ್ದಕ್ಕೆ ಈ ಜಂಬವೂ ಒಂದು ಕಾರಣ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಮಗಳು, ಅಳಿಯ ಲಂಡನ್ನಿನಲ್ಲಿದ್ದಾರೆ. ವೆಂಬ್ಲಿ ಪಾರ್ಕ್ ಸ್ಟೇಷನ್ನಿನ ಹತ್ತಿರ ಬಾಡಿಗೆ ಮನೆ. ನನ್ನ ಹೆಂಡತಿ 2021ರ ಮೇ ತಿಂಗಳಲ್ಲಿ ಕೊರೊನಾದಲ್ಲಿ ತೀರಿಕೊಂಡಳು. ಅಲ್ಲಿಂದ ಎರಡು ವರ್ಷ ಮಗಳು ಬನ್ನಿ ಬನ್ನಿ ಎಂದು ಕರೆಯುತ್ತಲೇ ಇದ್ದಳು. 2023ರ ಮಾರ್ಚಿನಲ್ಲಿ ಸಸಿಮಡಿಯನ್ನು ಮಗನಿಗೆ ಒಪ್ಪಿಸಿ ಹೊರಟೆ. ಆ ವರ್ಷದ ಯುಗಾದಿ ಅಲ್ಲೇ ಆಯಿತು.

ಲಂಡನ್ನಿನಲ್ಲಿ ಬಸವಣ್ಣನವರ ಪ್ರತಿಮೆ ಇದೆ ಎಂದು ಪೇಪರಿನಲ್ಲಿ ಓದಿದ್ದೆ. ಥೇಮ್ಸ್ ನದಿಯ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬಲ್ಲಿ. ಲ್ಯಾಂಬೆತ್ ಪ್ರದೇಶದ ಮೇಯರ್ ಆಗಿದ್ದ ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲರು ಓಡಾಡಿ ಮಾಡಿಸಿದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದರು. ನಮ್ಮೂರಿನಲ್ಲಿ ಗುರುಲಿಂಗ ಜಂಗಮ ದೇವರ ಮಠ ಇದೆ. ಅಲ್ಲಿಗೆ ನಡೆದುಕೊಳ್ಳುವವನಿಗೆ ಇದನ್ನು ನೋಡದೆ ಬರಲು ಮನಸ್ಸಾಗಲಿಲ್ಲ. ಮಗಳು ಅಳಿಯ ಒಂದು ಭಾನುವಾರ ಕರೆದುಕೊಂಡು ಹೋಗಿದ್ದರು. ಮಳೆ ಬಂದು ಐದು ನಿಮಿಷಕ್ಕೆ ವಾಪಸ್ ಬಂದೆವು. ಇನ್ನೊಮ್ಮೆ ನಾನೊಬ್ಬನೇ ಹೋಗಿ ಬರುತ್ತೇನೆ ಅಂದೆ.

ಏಪ್ರಿಲ್ 6, ಗುರುವಾರ. ಇಬ್ಬರಿಗೂ ಕೆಲಸ. ಮಗಳು ಸ್ಟೇಷನ್‌ವರೆಗೆ ಬಂದಳು. ಜೂಬಿಲಿ ಲೈನು, ನಕ್ಷೆಯಲ್ಲಿ ಬೂದು ಬಣ್ಣದ ಗೆರೆ. ಎಲ್ಲೂ ಬದಲಾಯಿಸಬೇಕಿಲ್ಲ, ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಳಿದರೆ ಆಯಿತು. ಹೋಗುವಾಗ ಇಷ್ಟು ಹೇಳಿದಳು: ರಸ್ತೆ ಅಂಚಿನಲ್ಲಿ ಫೋನ್ ಹೊರಗೆ ತೆಗೆಯಬೇಡಿ, ಸೈಕಲ್‌ನಲ್ಲಿ ಬಂದು ಕಿತ್ತುಕೊಂಡು ಹೋಗ್ತಾರೆ. ಗುಂಪು ಕಂಡರೆ ನಿಲ್ಲಬೇಡಿ. ಪಾಸ್‌ಪೋರ್ಟ್ ಮನೇಲೇ ಇಡಿ.

“ಪೊಲೀಸ್ನೋರು ಕೇಳಿದ್ರೆ ಏನವ್ವ ತೋರಿಸ್ಲಿ?”

“ಇಲ್ಲಿ ಯಾರೂ ಕೇಳಲ್ಲ ಅಪ್ಪಾಜಿ. ಜೊತೇಲಿ ಇಟ್ಕೊಂಡೇ ಇರಬೇಕು ಅಂತ ಕಾನೂನಿಲ್ಲ.”

ನಾನು ಹ್ಞೂಂ ಅಂದೆ. ಆದರೆ ಪಾಸ್‌ಪೋರ್ಟ್ ಆಗಲೇ ಹೆಗಲ ಚೀಲದಲ್ಲಿತ್ತು. ಹುಣಸೂರಿಗೆ ಹೋಗುವಾಗಲೂ ಆಧಾರ್ ಕಾರ್ಡ್ ಇಟ್ಟುಕೊಂಡು ಹೋಗುವವನು ನಾನು.

ಪ್ರತಿಮೆಯ ಹತ್ತಿರ ಒಂದೂವರೆ ಗಂಟೆ ಕೂತೆ. ಎದೆಮಟ್ಟದ ಪ್ರತಿಮೆ, ದೊಡ್ಡದೇನಲ್ಲ. ಕಟ್ಟಿಕೊಟ್ಟಿದ್ದ ಚಪಾತಿ ತಿಂದೆ. ವಾಪಸ್ ಬರುವಾಗ ನದಿಯ ಪಕ್ಕದಲ್ಲಿ ಒಂದು ಉದ್ದದ ಗೋಡೆ. ಅರ್ಧ ಕಿಲೋಮೀಟರಿನಷ್ಟು ಇರಬಹುದು. ಕೊರೊನಾದಲ್ಲಿ ಸತ್ತ ಒಬ್ಬೊಬ್ಬರಿಗೂ ಒಂದೊಂದು ಕೆಂಪು ಹೃದಯ ಬರೆದಿದ್ದಾರೆ. ಕೆಲವದರ ಒಳಗೆ ಹೆಸರಿದೆ. ನಿಧಾನಕ್ಕೆ ನಡೆದೆ.

ಗೋಡೆ ಮುಗಿದರೆ ವೆಸ್ಟ್‌ಮಿನ್‌ಸ್ಟರ್ ಸೇತುವೆ. ಅದರ ಮೇಲೆ ಜನ ಗುಂಪು ಕಟ್ಟಿದ್ದರು. ಒಬ್ಬ ಕುಕ್ಕರಗಾಲಿನಲ್ಲಿ ಕೂತು ಮೂರು ಬಟ್ಟಲು ಬೋರಲು ಹಾಕಿ ಒಂದರ ಕೆಳಗೆ ಗೋಲಿಯಿಟ್ಟು ಸರಿಸುತ್ತಿದ್ದ. ಗೋಲಿ ಯಾವುದರ ಕೆಳಗಿದೆ ಎಂದು ಹೇಳಿದರೆ ದುಡ್ಡು ಎರಡರಷ್ಟು. ಚುಂಚನಕಟ್ಟೆ ಜಾತ್ರೆಯಲ್ಲಿ ಮೂರು ಎಲೆ ಇಟ್ಟು ಆಡಿಸುವುದನ್ನು ಹುಡುಗನಾಗಿದ್ದಾಗಿಂದ ನೋಡಿದ್ದೇನೆ. ಮೋಸ ಅಂತ ಗೊತ್ತು. ಹಾಗಾಗಿ ನೋಡುವುದಕ್ಕೇನು ಎಂದು ನಿಂತೆ.

ಒಬ್ಬ ಹೆಂಗಸು ಗೆದ್ದಳು. ಮತ್ತೊಬ್ಬ ಗೆದ್ದ. ನಾನು ಮನಸ್ಸಿನಲ್ಲೇ ಹೇಳಿಕೊಂಡ ಬಟ್ಟಲು ಮೂರು ಸಲವೂ ಸರಿಯಾಯಿತು. ಪಕ್ಕದವನು ನನ್ನ ಬೆನ್ನು ತಟ್ಟಿ ಏನೋ ಅಂದ. ದುಡ್ಡು ತೆಗೆದೆ. ಹೋಯಿತು. ಮತ್ತೆ ತೆಗೆದೆ. ಅದೂ ಹೋಯಿತು. ಹಿಂದಿನಿಂದ ನೂಕುತ್ತಿದ್ದರು. ನನ್ನ ಕಣ್ಣು ಬಟ್ಟಲಿನ ಮೇಲಿತ್ತು.

ಯಾರೋ ಶಿಳ್ಳೆ ಹಾಕಿದರು. ಕ್ಷಣದಲ್ಲಿ ಬಟ್ಟಲು ಮಾಯ, ಆಡಿಸುವವನು ಮಾಯ. ಗೆದ್ದಿದ್ದ ಹೆಂಗಸೂ ಅವನ ಹಿಂದೆಯೇ ಹೋದಳು. ಆಗ ಅರ್ಥವಾಯಿತು. ಚೀಲ ನೋಡಿಕೊಂಡೆ. ಜಿಪ್ ತೆರೆದಿತ್ತು. ಫೋನ್, ಪರ್ಸ್, ಪಾಸ್‌ಪೋರ್ಟ್, ರೈಲಿನ ಕಾರ್ಡ್ ಇಟ್ಟಿದ್ದ ಚಿಕ್ಕ ಕೈಚೀಲ ಇರಲಿಲ್ಲ. ಖಾಲಿ ಟಿಫಿನ್ ಡಬ್ಬಿ ಮಾತ್ರ ಇತ್ತು. ಬಿಗ್ ಬೆನ್ ಗಡಿಯಾರ ಮೂರು ಹೊಡೆಯಿತು.

ಆಮೇಲೆ ಅಳಿಯ ಹೇಳಿದ: ಸುತ್ತ ನಿಂತವರಲ್ಲಿ ಮುಕ್ಕಾಲು ಪಾಲು ಅವರ ಕಡೆಯವರೇ. ಗೆಲ್ಲುವವರು, ಬೆನ್ನು ತಟ್ಟುವವರು, ಪೊಲೀಸ್ ಬಂದರೆ ಸನ್ನೆ ಮಾಡಲು ದೂರದಲ್ಲಿ ನಿಂತವರು. ದುಡ್ಡು ಇಟ್ಟ ಮೇಲೆ ಗೋಲಿ ಯಾವ ಬಟ್ಟಲಿನ ಕೆಳಗೂ ಇರುವುದಿಲ್ಲ, ಕೈಯೊಳಗಿರುತ್ತದೆ.

ಒಳಗೆ ಪಟ್ಟಾಪಟ್ಟಿ ಚಡ್ಡಿ ಹಾಕಿದ್ದೆ. ಅದರ ಜೇಬಿನಲ್ಲಿ ನಾಲ್ಕು 500ರ ನೋಟು ಇತ್ತು. ಸಂತೆಗೆ ಹೋದಾಗ ದುಡ್ಡು ಅಲ್ಲಿಡುವುದು ಅಭ್ಯಾಸ. ಅದು ಭದ್ರವಾಗಿತ್ತು. ಅಲ್ಲಿ ಅದಕ್ಕೆ ಒಂದು ಲೋಟ ಟೀ ಹುಟ್ಟುವುದಿಲ್ಲ.

ಸ್ಟೇಷನ್ನಿಗೆ ಹೋದೆ. ಗೇಟಿನ ಹತ್ತಿರ ನಿಂತಿದ್ದವನು ಏನು ಬೇಕು ಎಂದು ಮರ್ಯಾದೆಯಾಗಿಯೇ ಕೇಳಿದ. ನಾನು ಎಸ್ಸೆಸ್ಸೆಲ್ಸಿ ಓದಿದವನು, ಕಳ್ಳತನವಾಯಿತು ಎನ್ನುವಷ್ಟು ಇಂಗ್ಲಿಷ್ ಬರುತ್ತದೆ. ಹೇಳಲಿಲ್ಲ. ಹೇಳಿದರೆ ಪೊಲೀಸರನ್ನು ಕರೆಯುತ್ತಾನೆ, ಅವರು ಜೂಜಾಡಿದೆಯಾ ಎಂದು ಕೇಳುತ್ತಾರೆ, ಪಾಸ್‌ಪೋರ್ಟ್ ಇಲ್ಲದವನನ್ನು ಒಳಗೆ ಹಾಕುತ್ತಾರೆ, ಅಳಿಯನ ಕೆಲಸಕ್ಕೆ ಕುತ್ತು ಬರುತ್ತದೆ. ಹೀಗೆಲ್ಲಾ ತಲೆಯಲ್ಲಿ ಓಡಿತು. “ನಥಿಂಗ್” ಎಂದು ಹೇಳಿ ಹೊರಗೆ ಬಂದೆ. ಇಡೀ ದಿನ ನಾನು ಮಾಡಿದ ದೊಡ್ಡ ತಪ್ಪು ಇದು, ಬಟ್ಟಲಿನ ಮುಂದೆ ನಿಂತದ್ದಕ್ಕಿಂತ ದೊಡ್ಡದು. ಆ ಮನುಷ್ಯನಿಗೆ ಒಂದು ಮಾತು ಹೇಳಿದ್ದರೆ ಮುಂದಿನ ಮೂರು ಗಂಟೆ ಉಳಿಯುತ್ತಿತ್ತು.

ಮಗಳ ನಂಬರು ನನಗೆ ಬಾಯಿಪಾಠ ಇರಲಿಲ್ಲ. ಫೋನಿನಲ್ಲಿ ಅವಳ ಹೆಸರು ಒತ್ತಿದರೆ ಆಯಿತು, ನಂಬರು ಯಾಕೆ ಬೇಕು? ಮನೆ ಇರುವ ರಸ್ತೆಯ ಹೆಸರೂ ಸರಿಯಾಗಿ ನೆನಪಿಗೆ ಬರಲಿಲ್ಲ. ವೆಂಬ್ಲಿ ಪಾರ್ಕ್ ಅಷ್ಟೇ ಗೊತ್ತು. ದೂರದಲ್ಲಿ ಇಬ್ಬರು ಪೊಲೀಸರು ಬರುತ್ತಿದ್ದರು. ರಸ್ತೆ ದಾಟಿ ಆಚೆ ಬದಿಗೆ ಹೋದೆ.

ಎಲ್ಲಿಗೆ ಹೋಗುವುದು ತಿಳಿಯಲಿಲ್ಲ. ಗೊತ್ತಿದ್ದ ಜಾಗ ಅದೊಂದೇ. ಪ್ರತಿಮೆಯ ಹತ್ತಿರವೇ ವಾಪಸ್ ಹೋದೆ. ಕನ್ನಡದವರು ಯಾರಾದರೂ ಬರಬಹುದು ಎಂಬ ಆಸೆ. ಯಾರೂ ಬರಲಿಲ್ಲ. ಒಂದು ನಾಯಿಯನ್ನು ಕರೆದುಕೊಂಡು ಒಬ್ಬಾಕೆ ಹೋದಳು. ನಾಲ್ಕು ಹೊಡೆಯಿತು, ಐದಾಯಿತು. ಸಣ್ಣ ಹನಿ ಶುರುವಾಯಿತು. ಚಳಿಗೆ ಬೆರಳು ಮಡಿಸಲು ಆಗುತ್ತಿರಲಿಲ್ಲ. ನನಗೆ ಸಕ್ಕರೆ ಕಾಯಿಲೆ ಇದೆ. ಬೆಳಿಗ್ಗೆ ಮಾತ್ರೆ ತೆಗೆದುಕೊಂಡಿದ್ದೆ, ಮಧ್ಯಾಹ್ನದ ಎರಡು ಚಪಾತಿ ಬಿಟ್ಟರೆ ಏನೂ ತಿಂದಿರಲಿಲ್ಲ. ಅಂಥ ಚಳಿಯಲ್ಲೂ ಬೆವರು ಬಂತು. ಮೈ ನಡುಗಿತು. ಇಲ್ಲಿ ಬಿದ್ದರೆ ನಾನು ಯಾರು ಎಂದು ಹೇಳಲು ಒಂದು ಚೀಟಿಯೂ ಇಲ್ಲ ಅನ್ನಿಸಿತು. ಆಗ ಎದ್ದೆ.

ಲ್ಯಾಂಬೆತ್ ಸೇತುವೆಯ ಹತ್ತಿರದ ಬಸ್ ಸ್ಟಾಪಿನಲ್ಲಿ ಒಬ್ಬಾಕೆ ಫೋನಿನಲ್ಲಿ ಮಾತಾಡುತ್ತಿದ್ದಳು. ಮಲಯಾಳ. ನಮ್ಮ ಕಡೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲೂಕಿನಲ್ಲೆಲ್ಲಾ ಕೇರಳದವರು ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ನನ್ನ ಎರಡು ಎಕರೆಯನ್ನೂ ಒಬ್ಬ ಮೂರು ವರ್ಷ ಮಾಡಿದ್ದ. ಅವನಿಂದ ಕಲಿತ ನಾಲ್ಕು ಮಾತು ನನಗೆ ಬರುತ್ತಿತ್ತು. “ಚೇಚಿ” ಅಂದೆ, ಅಕ್ಕಾ ಅಂತ. ಆಮೇಲಿನ ಮಾತು ಹೊರಡಲಿಲ್ಲ.

ಅವಳು ನನ್ನ ಮುಖ ನೋಡಿ ಕೈ ಹಿಡಿದು ಕೂರಿಸಿದಳು. “ಅಂಕಲ್, ಶುಗರ್ ಉಂಡೋ?” ಎಂದು ಕೇಳಿದಳು, ಸಕ್ಕರೆ ಕಾಯಿಲೆ ಇದೆಯಾ ಅಂತ. ಆಸ್ಪತ್ರೆಯಲ್ಲಿ ನರ್ಸ್, ಕೆಲಸ ಮುಗಿಸಿ ಮನೆಗೆ ಹೊರಟಿದ್ದಳು. ಚೀಲದಿಂದ ಹಣ್ಣಿನ ರಸದ ಸಣ್ಣ ಡಬ್ಬಿ ತೆಗೆದು ಕುಡಿಸಿದಳು. ಬಿಸ್ಕತ್ತು ಕೊಟ್ಟಳು. ಹತ್ತು ಹದಿನೈದು ನಿಮಿಷಕ್ಕೆ ನಡುಕ ನಿಂತಿತು.

ಬಾಯಿಪಾಠ ಇದ್ದದ್ದು ಊರಿನಲ್ಲಿರುವ ಮಗನ ನಂಬರು ಒಂದೇ. ಹದಿನೈದು ವರ್ಷದ ಹಳೆಯ ನಂಬರು. ಅವಳ ಫೋನಿನಿಂದ ಮಾಡಿದೆವು. ಎತ್ತಲಿಲ್ಲ. ಹೊರದೇಶದ ನಂಬರು, ಮೋಸದವರದ್ದು ಅಂದುಕೊಂಡನಂತೆ. ಎರಡನೆಯ ಸಲವೂ ಎತ್ತಲಿಲ್ಲ. ಮೂರನೆಯ ಸಲ ಎತ್ತಿ “ಯಾರ್ರೀ?” ಅಂದ.

“ನಾನು ಕಣ್ಲಾ, ನಿಮ್ಮಪ್ಪ.”

ಗಾವಡಗೆರೆಯಲ್ಲಿ ಆಗ ರಾತ್ರಿ ಹನ್ನೊಂದು ಹತ್ತಿರ. ಅವನು ಅಕ್ಕನಿಗೆ ಫೋನ್ ಮಾಡಿದ. ಅವಳು ಅಷ್ಟು ಹೊತ್ತಿಗೆ ನನ್ನ ಫೋನಿಗೆ ಮಾಡಿ ಮಾಡಿ, ಸ್ಟೇಷನ್ನಿನಲ್ಲಿ ಹುಡುಕುತ್ತಿದ್ದಳು. ಮಗಳು ಬರುವವರೆಗೆ ಆ ನರ್ಸ್ ಹೋಗಲಿಲ್ಲ. ನಾಲ್ಕೈದು ಬಸ್ಸು ಬಿಟ್ಟಳು. ಕೋಟ್ಟಯಂ ಕಡೆಯವಳಂತೆ, ರಾತ್ರಿ ಪಾಳಿಗೆ ಹೋಗುವ ಗಂಡ ಮಕ್ಕಳನ್ನು ಇವಳಿಗೊಪ್ಪಿಸಲು ಕಾಯುತ್ತಿದ್ದನಂತೆ. ಆಮೇಲೆ ಗೊತ್ತಾಯಿತು.

ಮಗಳು ಬಂದು ಬೈಯಲಿಲ್ಲ. ಬೈದಿದ್ದರೆ ಸಲೀಸಾಗುತ್ತಿತ್ತು. ನೂಕುನುಗ್ಗಲಿನಲ್ಲಿ ಯಾರೋ ಕದ್ದರು ಎಂದು ಹೇಳಿದೆ.

ಪೊಲೀಸ್ ಠಾಣೆಗೆ ಹೋದೆವು. ನಾನು ಹೆದರಿದ್ದಂತೆ ಏನೂ ಆಗಲಿಲ್ಲ. ಒಬ್ಬ ಅಧಿಕಾರಿ ಕುರ್ಚಿ ಕೊಟ್ಟು ಬರೆದುಕೊಂಡ. ಸೇತುವೆಯ ಮೇಲೆ ಎಂದಾಗ ಪೆನ್ನು ನಿಲ್ಲಿಸಿ ಏನೋ ಕೇಳಿದ. ಮಗಳು ಕನ್ನಡಕ್ಕೆ ತಿರುಗಿಸಿ ಹೇಳುವ ಮೊದಲೇ ಕಪ್ಸ್ ಎಂಬ ಮಾತು ನನಗೆ ಕೇಳಿತು. ಅವನು ನಗಲಿಲ್ಲ. ನಾನು “ಎಸ್” ಅಂದೆ. ಎಷ್ಟು ಹೋಯಿತು ಅಂದ. “ಟ್ವೆಂಟಿ” ಅಂದೆ. ಮಗಳು ನನ್ನ ಕಡೆ ನೋಡದೆ ಗೋಡೆಯ ಕಡೆ ನೋಡುತ್ತಿದ್ದಳು. ದೂರಿನ ನಂಬರು ಬರೆದುಕೊಟ್ಟರು. ಮಾಲು ಸಿಗುವ ಭರವಸೆ ಬೇಡ ಎಂದೂ ಹೇಳಿದರು. ಸಿಗಲಿಲ್ಲ.

ಆ ರಾತ್ರಿ ಊರಿನಲ್ಲಿ ಮಗ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿದ. ಪಿನ್ ನಂಬರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲೇ ಇಟ್ಟಿದ್ದೆ. ಕಾರ್ಡಿಗೆ ಹೊರದೇಶದ ಬಳಕೆ ತೆರೆದಿರಲಿಲ್ಲ. ಅದಕ್ಕೇ ಖಾತೆಯ ದುಡ್ಡು ಉಳಿಯಿತು. ನನ್ನ ಜಾಣತನದಿಂದಲ್ಲ.

ಮರುದಿನ ಗುಡ್ ಫ್ರೈಡೇ. ನಾಲ್ಕು ದಿನ ಸಾಲು ರಜೆ. ಆ ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಯಾವ ದೇಶದವನೂ ಅಲ್ಲ ಅನ್ನಿಸುತ್ತಿತ್ತು. ರಜೆ ಕಳೆದ ಮೇಲೆ ಆಲ್ಡ್‌ವಿಚ್‌ನಲ್ಲಿರುವ ಭಾರತದ ಹೈಕಮಿಷನ್ ಕಚೇರಿ ಇಂಡಿಯಾ ಹೌಸ್‌ಗೆ ಸಂಬಂಧಪಟ್ಟ ಕಾಗದ ಪತ್ರ ಶುರುವಾಯಿತು. ವೀಸಾಕ್ಕೆ ಹಾಕುವಾಗ ಅಳಿಯ ನನ್ನ ಪಾಸ್‌ಪೋರ್ಟಿನ ಪುಟಗಳ ಫೋಟೋ ತೆಗೆದು ತನ್ನ ಇಮೇಲಿನಲ್ಲಿ ಇಟ್ಟಿದ್ದ. ಅದು, ದೂರಿನ ನಂಬರು, ನನ್ನ ಭಾವಚಿತ್ರ, ವಾಪಸ್ ಟಿಕೆಟ್. ಇಷ್ಟರ ಮೇಲೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಟ್ಟರು. ಅದರಲ್ಲಿ ಭಾರತಕ್ಕೆ ಒಂದು ಸಲ ಬರಬಹುದು, ಅಷ್ಟೇ. ಏಪ್ರಿಲ್ ಕೊನೆಯ ವಾರ ಬೆಂಗಳೂರಿಗೆ ಇಳಿದೆ. ಮೇ 10ರಂದು ವಿಧಾನಸಭೆ ಚುನಾವಣೆಗೆ ಊರಿನಲ್ಲಿ ವೋಟು ಹಾಕಿದೆ.

ಹೊಸ ಪಾಸ್‌ಪೋರ್ಟಿಗೆ ಮೈಸೂರಿನ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋದೆ. ಹೇಗೆ ಕಳೆಯಿತು ಎಂಬ ಜಾಗದಲ್ಲಿ ಕಳ್ಳತನ ಎಂದು ಬರೆಸಿದೆ.

ಮಗಳ ನಂಬರನ್ನು ಈಗ ಹಿಂದುಮುಂದಾಗಿಯೂ ಹೇಳುತ್ತೇನೆ. ಬೇಲ್ ಕಟ್ಟುವಾಗ ಸುಮ್ಮನೆ ಬಾಯಿಗೆ ಬರುತ್ತದೆ. ಆ ನರ್ಸಿಗೆ ಮಗಳು ಹಬ್ಬಕ್ಕೆ ಫೋನ್ ಮಾಡುತ್ತಾಳೆ. ನಾನು ಮಾತಾಡಿಲ್ಲ. ಮಾತಾಡಿದರೆ ಗಂಟಲು ಕಟ್ಟುತ್ತದೆ ಎಂದು ಗೊತ್ತು.

ಠಾಣೆಯಲ್ಲಿ ಹೇಳಿದ್ದು ಇಪ್ಪತ್ತು ಪೌಂಡ್. ಮಗಳೂ ಅಷ್ಟೇ ಎಂದು ನಂಬಿದ್ದಾಳೆ. ಹೋದದ್ದು ಎಪ್ಪತ್ತು. ಮೊದಲು ಇಪ್ಪತ್ತು, ಆಮೇಲೆ ಐವತ್ತು. ಆ ಐವತ್ತು ನನ್ನದಲ್ಲ, ಬೆಳಿಗ್ಗೆ ಸ್ಟೇಷನ್ನಿನಲ್ಲಿ ಅವಳು ಖರ್ಚಿಗೆ ಇರಲಿ ಎಂದು ಕೈಗಿಟ್ಟದ್ದು. ಇದನ್ನು ಓದಿದರೆ ಅವಳಿಗೆ ತಿಳಿಯುತ್ತದೆ.